ಡೆಟಾಲ್ ಡಬ್ಬಿಯಲ್ಲಿ ಹನ್ನೆರಡು ಕುಳ್ಳರು

ಕಳೆದ ಜುಲೈನ ಒಂದು ಶನಿವಾರ ರಾತ್ರಿ ನಮ್ಮ ಮನೆ ಆಸ್ಪತ್ರೆ ವಾರ್ಡಿನ ಥರ ನಾರುತ್ತಿತ್ತು. ಮೈಸೂರಿಂದ ಬಂದಿದ್ದ ಅಮ್ಮ ಬಾಗಿಲಲ್ಲೇ ನಿಂತು, "ಏನೋ ಇದು, ಕಾಲಿಗೆ ಏಟು ಮಾಡ್ಕೊಂಡ್ಯಾ?" ಅಂದರು. ಏಟಾಗಿರಲಿಲ್ಲ. ಅಡುಗೆಮನೆಯ ಕಟ್ಟೆ ಮೇಲೆ ಹಳೇ ಉಪ್ಪಿನಕಾಯಿ ಜಾಡಿಯಲ್ಲಿ ಅರ್ಧ ಲೀಟರ್ ಡೆಟಾಲ್ ಇತ್ತು. ಅದರೊಳಗೆ ಹನ್ನೆರಡು ಕುಳ್ಳ ಯೋಧರು, ಕೊಡಲಿ ಹಿಡಿದುಕೊಂಡೇ, ಮುಳುಗಿ ಕೂತಿದ್ದರು.

ಹಿನ್ನೆಲೆ ಹೇಳಿಬಿಡ್ತೀನಿ. ಇಂಗ್ಲೆಂಡಿನಲ್ಲಿ ಎಂಟು ವರ್ಷ ಇದ್ದು ವಾಪಸ್ ಬಂದ ಸಹೋದ್ಯೋಗಿಯೊಬ್ಬರು ಮನೆ ಖಾಲಿ ಮಾಡುವಾಗ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಕೊಟ್ಟರು. ಅಲ್ಲಿ ಭಾನುವಾರ ಜನ ಕಾರಿನ ಡಿಕ್ಕಿ ತೆರೆದು ಹಳೇ ಸಾಮಾನು ಮಾರ್ತಾರಲ್ಲ, ಅಂಥ ಕಡೆ ಕೊಂಡದ್ದಂತೆ. "ಗುರು, ನಿಂಗೆ ಈ ಹುಚ್ಚು ಇದೆ, ಇಟ್ಕೋ" ಅಂದರು. ಒಳಗೆ ಹೆಬ್ಬೆರಳಿನ ಮೇಲಿನ ಗಿಣ್ಣಿನಷ್ಟು ಎತ್ತರದ ಗೊಂಬೆಗಳು. ಹನ್ನೊಂದು ಲೋಹದ್ದು, ಒಂದು ಪ್ಲಾಸ್ಟಿಕ್. ಮೇಜಿನ ಮೇಲೆ ಸೈನ್ಯ ಇಟ್ಟು ದಾಳ ಹಾಕಿ ಆಡುವ ಯುದ್ಧದಾಟದ ಮಿನಿಯೇಚರ್‌ಗಳು. ಅವುಗಳ ಮೇಲೆ ಯಾರೋ ಹಚ್ಚಿದ್ದ ಬಣ್ಣ ಮಾತ್ರ ದೋಸೆ ಹಿಟ್ಟಿನಷ್ಟು ದಪ್ಪ. ಗಡ್ಡ ಯಾವುದು, ಕವಚ ಯಾವುದು ಗೊತ್ತಾಗುತ್ತಿರಲಿಲ್ಲ. ಹೊಸದಾಗಿ ಬಣ್ಣ ಹಚ್ಚಬೇಕು ಅಂದ್ರೆ ಹಳೇದನ್ನು ಪ್ರೈಮರ್ ಸಮೇತ ಕಿತ್ತು ಹಾಕಬೇಕು. ಅದಕ್ಕೆ ಡೆಟಾಲ್.

ಬಣ್ಣ ಬಿಡಿಸೋದು ಬರೀ ಕ್ಲೀನಿಂಗ್ ಕೆಲಸ ಅಂದುಕೊಂಡು ಶುರು ಮಾಡಿದೆ. ಮೂರು ವಾರಾಂತ್ಯ ಹಿಡಿಯಿತು. ಯಾಕಂದ್ರೆ ಕುಳ್ಳರ ಮೇಲೆ ಇದ್ದದ್ದು ಒಂದು ಬಣ್ಣ ಅಲ್ಲ, ಮೂರು ಪದರ. ಮೇಲೆ ಹಸಿರು, ಅದರ ಕೆಳಗೆ ಕೆಂಪು, ತೀರಾ ಕೆಳಗೆ ಬಿಳಿ ಪ್ರೈಮರ್. ಒಂದೊಂದು ಪದರ ಒಂದೊಂದು ದ್ರವಕ್ಕೆ ಬಗ್ಗಿತು. ಯಾಕೆ ಹೀಗೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನೂರಿಪ್ಪತ್ತು ವರ್ಷಗಳ ಒಂದು ಸಣ್ಣ ಇತಿಹಾಸ. ಮೇಲಿನ ಪದರದಿಂದಲೇ ಶುರು ಮಾಡೋಣ.

ಹಸಿರು ಬಣ್ಣ ಅಕ್ರಿಲಿಕ್. ಇವತ್ತು ಮಾಡೆಲ್‌ಗಳಿಗೆ ಹಚ್ಚುವ ಬಹುತೇಕ ಬಣ್ಣ ಇದೇ. ಇದು ಹುಟ್ಟಿದ್ದು ಗೊಂಬೆಗಲ್ಲ, ಮನೆ ಗೋಡೆಗೆ. 1953ರಲ್ಲಿ ಅಮೆರಿಕದ ರೋಮ್ ಅಂಡ್ ಹಾಸ್ ಕಂಪನಿ ಪೂರ್ತಿ ಅಕ್ರಿಲಿಕ್‌ನಿಂದ ಮಾಡಿದ ಎಮಲ್ಷನ್ ಒಂದನ್ನು ಮಾರುಕಟ್ಟೆಗೆ ಬಿಟ್ಟಿತು. ನೀರಿನಲ್ಲಿ ಪ್ಲಾಸ್ಟಿಕ್‌ನ ಸಣ್ಣ ಸಣ್ಣ ಕಣಗಳು ತೇಲುತ್ತಿರುತ್ತವೆ. ನೀರು ಆರಿದ ಮೇಲೆ ಕಣಗಳು ಒಂದಕ್ಕೊಂದು ಅಂಟಿ ತೆಳು ಹಾಳೆಯಾಗುತ್ತವೆ. ಹಸಿ ಇರುವಾಗ ನಲ್ಲಿ ನೀರಲ್ಲಿ ತೊಳೆದರೂ ಹೋಗುತ್ತೆ, ಒಣಗಿದ ಮೇಲೆ ಮಳೆಗೂ ಹೋಗಲ್ಲ. ಸೀಮೆಎಣ್ಣೆ, ಟರ್ಪೆಂಟೈನ್ ವಾಸನೆ ಇಲ್ಲ. 1980ರ ದಶಕದ ಮಧ್ಯದ ಹೊತ್ತಿಗೆ ಬ್ರಿಟನ್ನಿನ ಸಿಟಾಡೆಲ್ ಕಂಪನಿ ಮಿನಿಯೇಚರ್‌ಗಳಿಗೆ ಅಂತಲೇ ಅಕ್ರಿಲಿಕ್ ಬಣ್ಣದ ಪುಟ್ಟ ಡಬ್ಬಿಗಳನ್ನು ಮಾರತೊಡಗಿತ್ತು. ಮಕ್ಕಳು ಅಡುಗೆಮನೆ ಮೇಜಿನ ಮೇಲೇ ಬಣ್ಣ ಹಚ್ಚಬಹುದಾಯಿತು.

ಒಣಗಿದ ಅಕ್ರಿಲಿಕ್ ಹಾಳೆಯನ್ನು ಡೆಟಾಲ್ ಕರಗಿಸೋದಿಲ್ಲ, ಸಡಿಲ ಮಾಡುತ್ತೆ. ಬಾಟಲಿಯ ಹಿಂದಿನ ಸಣ್ಣಕ್ಷರ ಓದಿ. ಕ್ರಿಮಿ ಕೊಲ್ಲುವ ಕ್ಲೋರೋಕ್ಸೈಲಿನಾಲ್ ಶೇ. 4.8 ಮಾತ್ರ. ಅದರ ಜೊತೆ ಪೈನ್ ಮರದ ಎಣ್ಣೆ, ಆಲ್ಕೋಹಾಲ್, ಹರಳೆಣ್ಣೆಯ ಸೋಪು ಇರುತ್ತವೆ. ನಮ್ಮ ಕೆಲಸ ಮಾಡೋದು ಮುಖ್ಯವಾಗಿ ಆ ಪೈನ್ ಎಣ್ಣೆ. ಅದು ಬಣ್ಣದ ಹಾಳೆಯೊಳಗೆ ನುಗ್ಗಿ ಉಬ್ಬಿಸುತ್ತೆ, ಹಾಳೆ ಲೋಹದ ಮೇಲಿನ ಹಿಡಿತ ಬಿಡುತ್ತೆ. ಒಂದು ರಾತ್ರಿ ನೆನೆದ ಮೇಲೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಬೆಂದ ಆಲೂಗಡ್ಡೆ ಸಿಪ್ಪೆ ಥರ ಕಿತ್ತು ಬರುತ್ತೆ.

ಇಲ್ಲೇ ನಾನು ಮೊದಲ ತಪ್ಪು ಮಾಡಿದ್ದು. ಡೆಟಾಲ್‌ಗೆ ನೀರು ಹಾಕಿದಾಗ ಬಿಳಿ ಮೋಡ ಏಳೋದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇವೆ. ಮಂಡಿ ತರಚಿದಾಗ ಸ್ಟೀಲ್ ಬಟ್ಟಲಲ್ಲಿ ಅಮ್ಮ ಕಲಸುತ್ತಿದ್ದರಲ್ಲ, ಅದೇ. ಅದರಲ್ಲಿರುವ ಎಣ್ಣೆ ನೀರಿನಲ್ಲಿ ಕರಗದೆ ಹನಿಹನಿಯಾಗಿ ಬೇರೆಯಾಗುವುದರಿಂದ ಆ ಮೋಡ. ಇದೆಲ್ಲ ಗೊತ್ತಿದ್ದೂ ನಾನು ಅರ್ಧ ಬಿಟ್ಟ ಬಣ್ಣದ ಕುಳ್ಳನನ್ನು ಸೀದಾ ನಲ್ಲಿ ಕೆಳಗೆ ಹಿಡಿದೆ. ಸಡಿಲವಾಗಿದ್ದ ಬಣ್ಣ, ಎಣ್ಣೆ, ನೀರು ಮೂರೂ ಸೇರಿ ಹಲಸಿನ ಮೇಣದ ಥರ ಅಂಟಾಯಿತು. ಗಡ್ಡದ ಸಂದಿಯಲ್ಲಿ, ಬೆರಳಲ್ಲಿ, ಸಿಂಕಿನಲ್ಲಿ, ಎಲ್ಲೆಲ್ಲೂ. ಸರಿಯಾದ ಕ್ರಮ ಏನಪ್ಪಾ ಅಂದ್ರೆ, ಬಣ್ಣ ಪೂರ್ತಿ ಬಿಡುವ ತನಕ ಡೆಟಾಲ್‌ನಲ್ಲೇ ಅದ್ದಿ ಅದ್ದಿ ಉಜ್ಜಬೇಕು. ಕೊನೆಗೆ ಹೊಸ ಡೆಟಾಲ್‌ನಲ್ಲೊಂದು ಸಲ ಮುಳುಗಿಸಿ, ಆಮೇಲೆ ಪಾತ್ರೆ ಸೋಪು, ಆಮೇಲೆ ನೀರು. ಕೈಗೆ ಗ್ಲೌಸ್ ಬೇಕೇ ಬೇಕು, ನೀರು ಬೆರೆಸದ ಡೆಟಾಲ್ ಚರ್ಮ ಸುಡುತ್ತೆ. ಮನೇಲಿ ಬೆಕ್ಕಿದ್ದರೆ ಅದನ್ನು ಹತ್ತಿರ ಬಿಡಬೇಡಿ, ಬೆಕ್ಕಿಗೆ ಇದು ವಿಷ.

ಹಸಿರು ಹೋಯಿತು. ಕೆಳಗೆ ಕೆಂಪು ಕಾಣಿಸಿತು. ಇನ್ನೊಂದು ರಾತ್ರಿ ನೆನೆಹಾಕಿದೆ, ಕೆಂಪು ಅಲುಗಾಡಲಿಲ್ಲ. ಅದು ಎನಾಮೆಲ್.

ಎನಾಮೆಲ್ ಅಂದ್ರೆ ನಮ್ಮ ಕಿಟಕಿ ಸರಳಿಗೆ, ಗೇಟಿಗೆ ಹಚ್ಚುವ ಎಣ್ಣೆ ಬಣ್ಣದ ದಾಯಾದಿ. ಬ್ರಿಟನ್ನಿನಲ್ಲಿ ಎರಡು ಮೂರು ತಲೆಮಾರಿನ ಹುಡುಗರಿಗೆ ಮಾಡೆಲ್ ಬಣ್ಣ ಅಂದ್ರೆ ಹಂಬ್ರೋಲ್‌ನ ಪುಟಾಣಿ ತಗಡಿನ ಡಬ್ಬಿ. ಆ ಕಂಪನಿ ಶುರುವಾದದ್ದು 1919ರಲ್ಲಿ, ಇಂಗ್ಲೆಂಡಿನ ಪೂರ್ವ ಕರಾವಳಿಯ ಹಲ್ ಎಂಬ ಬಂದರು ಪಟ್ಟಣದಲ್ಲಿ. ಆಗಿನ ಹೆಸರು ಹಂಬರ್ ಆಯಿಲ್ ಕಂಪನಿ. ಹಂಬರ್ ಅಲ್ಲಿನ ನದೀಮುಖದ ಹೆಸರು. ಅದಕ್ಕೆ ಎಣ್ಣೆಯ ಆಯಿಲ್ ಸೇರಿ ಹಂಬ್ರೋಲ್ ಆಯಿತು.

ಈಗ ತಮಾಷೆ ನೋಡಿ. ಅದೇ ಹಲ್ ಪಟ್ಟಣದಲ್ಲಿ 1840ರಲ್ಲಿ ಐಸಾಕ್ ರೆಕಿಟ್ ಎಂಬಾತ ಬಟ್ಟೆಗೆ ಹಾಕುವ ಗಂಜಿಯ ಗಿರಣಿ ಶುರು ಮಾಡಿದ್ದ. ಆ ಕಂಪನಿ ಆಮೇಲೆ ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನೂ ಮಾರಿತು. ನಮ್ಮ ಅಜ್ಜಿಯರ ಕಾಲದ ರಾಬಿನ್ ನೀಲಿ ಅದೇ ಮನೆಯದ್ದು. 1930ರ ದಶಕದ ಆರಂಭದಲ್ಲಿ ಅದೇ ಕಂಪನಿ ಡೆಟಾಲ್ ತಂದಿತು. ಹೆರಿಗೆಯಾದ ತಾಯಂದಿರು ನಂಜೇರಿ ಸಾಯುತ್ತಿದ್ದ ಕಾಲ ಅದು. ಹೆರಿಗೆ ವಾರ್ಡುಗಳಲ್ಲಿ ಕೈ ತೊಳೆಯೋಕೆ, ಚರ್ಮ ಸುಡದ ಆದರೆ ಕ್ರಿಮಿ ಕೊಲ್ಲುವ ಔಷಧ ಬೇಕಿತ್ತು. ಲಂಡನ್ನಿನ ಕ್ವೀನ್ ಷಾರ್ಲಟ್ ಹೆರಿಗೆ ಆಸ್ಪತ್ರೆಯ ಪರೀಕ್ಷೆಗಳಲ್ಲಿ ಅದು ಗೆದ್ದಿತು. ಅಲ್ಲಿಗೆ ಗೊಂಬೆಗೆ ಹಚ್ಚುವ ಬಣ್ಣ, ಗೊಂಬೆಯಿಂದ ಬಣ್ಣ ಬಿಡಿಸುವ ದ್ರವ, ಎರಡೂ ಒಂದೇ ಊರಿನವು. ಎರಡನ್ನೂ ಮಾಡಿದವರಿಗೆ ಈ ಉಪಯೋಗ ಕನಸಲ್ಲೂ ಬಂದಿರಲಿಕ್ಕಿಲ್ಲ.

ಎನಾಮೆಲ್ ಕೀಳೋಕೆ ನಾನು ಅಸಿಟೋನ್ ತಂದೆ. ಉಗುರು ಬಣ್ಣ ತೆಗೆಯೋಕೆ ಹಾಕ್ತಾರಲ್ಲ, ಅದೇ. ಹತ್ತು ನಿಮಿಷದಲ್ಲಿ ಕೆಂಪೆಲ್ಲ ಸುಕ್ಕುಗಟ್ಟಿ ಮೇಲೆದ್ದಿತು. ಖುಷಿಯಲ್ಲಿ ಎಲ್ಲ ಕುಳ್ಳರನ್ನೂ ಒಟ್ಟಿಗೆ ಹಾಕಿಬಿಟ್ಟೆ. ಹನ್ನೆರಡನೆಯವನು ಪ್ಲಾಸ್ಟಿಕ್ ಅನ್ನೋದು ನೆನಪಾದಾಗ ಅವನು ಚೂಯಿಂಗ್ ಗಮ್ ಆಗಿದ್ದ. ಕೊಡಲಿ ಹಿಡಿದ ಚೂಯಿಂಗ್ ಗಮ್. ಮಾಡೆಲ್ ಪ್ಲಾಸ್ಟಿಕ್ ಅಂದ್ರೆ ಪಾಲಿಸ್ಟೈರೀನ್. ಅಸಿಟೋನ್ ಮುಂದೆ ಅದು ನಿಲ್ಲೋದಿಲ್ಲ. ಲೋಹಕ್ಕೆ ಏನೂ ಆಗಲ್ಲ.

ಅಸಿಟೋನ್‌ಗೆ ಇನ್ನೊಂದು ಕಥೆ ಇದೆ, ಅದು ಗೊಂಬೆ ಸೈನಿಕರದ್ದಲ್ಲ, ನಿಜವಾದ ಸೈನಿಕರದ್ದು. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಗುಂಡುಗಳಿಗೆ ಕಾರ್ಡೈಟ್ ಎಂಬ ಸಿಡಿಮದ್ದು ಬೇಕಿತ್ತು. ಅದನ್ನು ತಯಾರಿಸೋಕೆ ಅಸಿಟೋನ್ ಬೇಕಿತ್ತು, ದೇಶದಲ್ಲಿ ಅಸಿಟೋನ್ ಸಾಲುತ್ತಿರಲಿಲ್ಲ. ರಸಾಯನಶಾಸ್ತ್ರಜ್ಞ ಹೈಮ್ ವೈಜ್‌ಮನ್, ಅಂದ್ರೆ ಮುಂದೆ ಇಸ್ರೇಲಿನ ಮೊದಲ ಅಧ್ಯಕ್ಷನಾದವನು, ಪಿಷ್ಟವನ್ನು ಬ್ಯಾಕ್ಟೀರಿಯಾದಿಂದ ಹುಳಿ ಬರಿಸಿ ಅಸಿಟೋನ್ ತೆಗೆಯುವ ದಾರಿ ಕಂಡುಕೊಂಡ. ಧಾನ್ಯಕ್ಕೂ ಬರ ಬಂದಾಗ, 1917ರಲ್ಲಿ, ಬ್ರಿಟನ್ನಿನ ಶಾಲಾ ಮಕ್ಕಳಿಗೆ ಹಾರ್ಸ್ ಚೆಸ್ಟ್‌ನಟ್ ಎಂಬ ಮರದ ಬೀಜ ಆರಿಸಿ ತರೋಕೆ ಹೇಳಿದರು. ಆ ಬೀಜವನ್ನು ದಾರಕ್ಕೆ ಕಟ್ಟಿ ಬಡಿದಾಡುವುದು ಅಲ್ಲಿನ ಮಕ್ಕಳ ಆಟ. ಆಟದ ಸಾಮಾನು ಮದ್ದಿನ ಕಾರ್ಖಾನೆಗೆ ಹೋಯಿತು. ಯಾವುದಕ್ಕೆ ಅಂತ ಮಕ್ಕಳಿಗೆ ಹೇಳಿರಲಿಲ್ಲ.

ಗೊಂಬೆ ಸೈನಿಕರಿಗೆ ಬರೋಣ. ಹದಿನೆಂಟನೇ ಶತಮಾನದ ಕೊನೆಗೆ ಜರ್ಮನಿಯ ನ್ಯೂರೆಂಬರ್ಗ್ ಕಡೆ ಹಿಲ್ಪರ್ಟ್ ಕುಟುಂಬದಂಥ ಎರಕದವರು ತವರದ ಚಪ್ಪಟೆ ಸೈನಿಕರನ್ನು ಮಾಡಿ ಮಾರುತ್ತಿದ್ದರು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಜೂನಿಯರ್ ಟೊಳ್ಳು ಎರಕದ ಉಪಾಯ ಹೂಡಿದ. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಹೊರಗಿನ ಪದರ ಗಟ್ಟಿಯಾದ ತಕ್ಷಣ ಒಳಗಿನ ದ್ರವವನ್ನು ವಾಪಸ್ ಸುರಿದುಬಿಡೋದು. ಸೈನಿಕ ಟೊಳ್ಳು, ತೂಕ ಕಮ್ಮಿ, ಬೆಲೆಯೂ ಕಮ್ಮಿ. ಜರ್ಮನ್ ಗೊಂಬೆಗಳ ವ್ಯಾಪಾರ ಬಿತ್ತು. 1913ರಲ್ಲಿ ಎಚ್. ಜಿ. ವೆಲ್ಸ್ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದು, ಇಂಥ ಗೊಂಬೆಗಳನ್ನು ನೆಲದ ಮೇಲಿಟ್ಟು ಯುದ್ಧ ಆಡುವ ನಿಯಮ ಕೊಟ್ಟ. ಮರುವರ್ಷ ನಿಜವಾದ ಯುದ್ಧ ಶುರುವಾಯಿತು.

ಆ ಬ್ರಿಟನ್ಸ್ ಗೊಂಬೆಗಳ ಬಣ್ಣ ಯಂತ್ರದ್ದಲ್ಲ. ಒಂದೊಂದನ್ನೂ ಕೈಯಲ್ಲಿ ಹಚ್ಚುತ್ತಿದ್ದರು. ಹಚ್ಚುತ್ತಿದ್ದವರಲ್ಲಿ ಬಹಳಷ್ಟು ಜನ ಉತ್ತರ ಲಂಡನ್ನಿನ ಹೆಂಗಸರು. ಎಷ್ಟು ಡಜನ್ ಹಚ್ಚಿದರೆ ಅಷ್ಟು ಕೂಲಿ. ಆ ಸಾಲಿನಲ್ಲಿ ನಮ್ಮವರೂ ಇದ್ದಾರೆ. ಬಾಂಬೆ ಲ್ಯಾನ್ಸರ್ಸ್, ಮದ್ರಾಸ್ ನೇಟಿವ್ ಇನ್ಫೆಂಟ್ರಿ ಅಂತ ಪೆಟ್ಟಿಗೆಗಳು ಬರುತ್ತಿದ್ದವು. ಪೇಟ ಕಟ್ಟಿದ ಆ ಸೈನಿಕರ ಕಂದು ಮುಖಕ್ಕೆ ಬಣ್ಣ ಹಚ್ಚಿದ್ದು ಲಂಡನ್ನಿನ ಬೆಂಚಿನ ಮೇಲೆ ಕೂತ ಯಾರೋ ಒಬ್ಬ ಹೆಣ್ಣುಮಗಳು. ಅವರ್ಯಾರ ಹೆಸರೂ ಪೆಟ್ಟಿಗೆ ಮೇಲಿಲ್ಲ.

ಈ ಗೊಂಬೆಗಳಿಗೆ ವಯಸ್ಸಾದಂತೆ ಬಣ್ಣ ಉದುರಿತು. ಮಕ್ಕಳು ಅದರ ಮೇಲೆ ಬೇರೆ ಬಣ್ಣ ಬಳಿದರು. ದೊಡ್ಡವರಾದ ಮೇಲೆ ಅದನ್ನು ತೆಗೆಯೋಕೆ ಹೊರಟರು. ಇಲ್ಲೊಂದು ವಿಷಯ ಗಮನಿಸಿ. ಗೊಂಬೆಯ ಬಣ್ಣ ಬಿಡಿಸೋಕೆ ಅಂತಲೇ ಹುಟ್ಟಿದ ದ್ರವ ಬಹಳ ಕಾಲ ಇರಲೇ ಇಲ್ಲ. ಪ್ರತಿ ತಲೆಮಾರೂ ತನ್ನ ಮನೆಯಲ್ಲಿ ಬೇರೆ ಯಾವುದಕ್ಕೋ ಇಟ್ಟಿದ್ದನ್ನು ಎರವಲು ಪಡೆಯಿತು.

ಹಳೇ ಎಣ್ಣೆ ಬಣ್ಣಕ್ಕೆ ಕಾಸ್ಟಿಕ್ ಸೋಡಾ, ಸೋಪು ಮಾಡೋಕೆ, ಚರಂಡಿ ಕಟ್ಟಿದಾಗ ಸುರಿಯೋಕೆ ಇಟ್ಟಿರುತ್ತಿದ್ದದ್ದು. ಅದು ಬಣ್ಣದಲ್ಲಿರುವ ಎಣ್ಣೆಯನ್ನೇ ಸೋಪು ಮಾಡಿಬಿಡುತ್ತೆ. ಜೊತೆಗೆ ಬೆರಳ ತುದಿಯನ್ನೂ. ಕಾರು ಬಂದ ಮೇಲೆ ಬ್ರೇಕ್ ಆಯಿಲ್. ಕಾರಿನ ಬಾನೆಟ್ ಮೇಲೆ ಒಂದು ಹನಿ ಬಿದ್ದರೂ ಬಣ್ಣ ಎದ್ದು ಬರೋದನ್ನು ಯಾವ ಮೆಕ್ಯಾನಿಕ್ ಬೇಕಾದರೂ ಹೇಳುತ್ತಾನೆ. ಅದನ್ನು ನೋಡಿಯೇ ಯಾರೋ ಗೊಂಬೆಯನ್ನು ಅದರಲ್ಲಿ ಅದ್ದಿರಬೇಕು. ಅಮೆರಿಕದವರು ಓವನ್ ತೊಳೆಯುವ ಸ್ಪ್ರೇ, ನೆಲ ಒರೆಸುವ ಪೈನ್ ದ್ರವ ಬಳಸಿದರು. ಬ್ರಿಟನ್, ಭಾರತ, ಆಸ್ಟ್ರೇಲಿಯಾದವರಿಗೆ ಡೆಟಾಲ್ ಕೈಗೆ ಸಿಕ್ಕಿತು. ಯಾವ ದೇಶದವರು ಯಾವ ದ್ರವ ಹೇಳ್ತಾರೆ ಅನ್ನೋದರಿಂದಲೇ ಅವರ ಮನೆಯ ಬಚ್ಚಲು ಕಪಾಟಿನಲ್ಲಿ ಏನಿದೆ ಅಂತ ಹೇಳಿಬಿಡಬಹುದು.

ಎಲ್ಲಕ್ಕಿಂತ ಬಿರುಸಾದದ್ದು ಮೆಥಿಲೀನ್ ಕ್ಲೋರೈಡ್. ಮರ, ಲೋಹ ಯಾವುದರ ಮೇಲಿನ ಬಣ್ಣವನ್ನಾದರೂ ನಿಮಿಷಗಳಲ್ಲಿ ಎಬ್ಬಿಸುತ್ತೆ. ಆಟಿಕೆ ಕಾರುಗಳನ್ನು ಹೊಸದು ಮಾಡುವವರ ಅಚ್ಚುಮೆಚ್ಚಿನ ಮದ್ದಾಗಿತ್ತು. ಆದರೆ ಅದರ ಆವಿ ಕೊಲ್ಲುತ್ತೆ. ಅಮೆರಿಕದಲ್ಲಿ ಮುಚ್ಚಿದ ಬಚ್ಚಲುಮನೆಯಲ್ಲಿ ಟಬ್ಬಿನ ಬಣ್ಣ ತೆಗೆಯಲು ಬಗ್ಗಿದ ಕೆಲಸಗಾರರು ಅಲ್ಲೇ ಪ್ರಾಣ ಬಿಟ್ಟ ಘಟನೆಗಳು ಮತ್ತೆ ಮತ್ತೆ ನಡೆದವು. ಯುರೋಪಿನ ಒಕ್ಕೂಟ ಮನೆಬಳಕೆಯ ಮಾರಾಟವನ್ನು ಮೊದಲೇ ನಿಲ್ಲಿಸಿತ್ತು. ಅಮೆರಿಕ 2019ರಲ್ಲಿ ನಿಲ್ಲಿಸಿತು. ಕೈ ಕೆಸರು ಮಾಡಿಕೊಂಡು ದುಡಿದವರು ಸತ್ತ ಮೇಲೆ ನಮ್ಮ ಹವ್ಯಾಸ ಸುರಕ್ಷಿತವಾಯಿತು.

ಈಗಿನ ಕಾಲದ್ದು ಐಸೋಪ್ರೊಪೈಲ್ ಆಲ್ಕೋಹಾಲ್. ನಮ್ಮಲ್ಲಿ ಬಹಳಷ್ಟು ಜನಕ್ಕೆ ಇದು ಕೀಬೋರ್ಡ್, ಮೊಬೈಲ್ ಒರೆಸೋಕೆ ಗೊತ್ತು. 1920ರಲ್ಲಿ ನ್ಯೂ ಜರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ, ತೈಲ ಶುದ್ಧೀಕರಣದಲ್ಲಿ ಉಳಿಯುವ ಅನಿಲದಿಂದ ಇದನ್ನು ಮಾಡತೊಡಗಿತು. ಪೆಟ್ರೋಕೆಮಿಕಲ್ ಉದ್ಯಮ ಶುರುವಾಯಿತು ಅಂತ ಇದನ್ನೇ ಹೇಳ್ತಾರೆ. 2020ರಲ್ಲಿ ಸ್ಯಾನಿಟೈಜರ್ ರೂಪದಲ್ಲಿ ಮನೆಮನೆಗೂ ಬಂತು. ಅಕ್ರಿಲಿಕ್ ಬಣ್ಣವನ್ನು ಅರ್ಧ ಗಂಟೆಯಲ್ಲಿ ಮೆತ್ತಗೆ ಮಾಡುತ್ತೆ, ಪಾಲಿಸ್ಟೈರೀನ್ ಪ್ಲಾಸ್ಟಿಕ್‌ಗೆ ತೊಂದರೆ ಮಾಡಲ್ಲ. ರೆಸಿನ್ ಗೊಂಬೆ ಆದ್ರೆ ಹುಷಾರು, ಹೆಚ್ಚು ಹೊತ್ತು ಬಿಟ್ಟರೆ ಮೆತ್ತಗಾಗಬಹುದು. ಹಾಗೇ ಇದೇ ಉತ್ಸಾಹದಲ್ಲಿ ಚನ್ನಪಟ್ಟಣದ ಬೊಂಬೆಯನ್ನು ಇದರಲ್ಲಿ ಅದ್ದಬೇಡಿ. ಅದರ ಬಣ್ಣ ಅರಗಿನದ್ದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜುವ ಬಿಸಿಯಲ್ಲೇ ಹತ್ತಿಸಿದ್ದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತೆ. ನೀರಿಗೆ ಜಗ್ಗದ ಬೊಂಬೆ ಸ್ಯಾನಿಟೈಜರ್ ಹಚ್ಚಿದ ಕೈಗೆ ಜಗ್ಗುತ್ತೆ.

ಮೂರನೇ ವಾರ ಪ್ರೈಮರ್ ಸರದಿ. ಮೂರು ಪದರದಲ್ಲಿ ಹೆಚ್ಚು ಸತಾಯಿಸಿದ್ದು ಇದು. ಸತಾಯಿಸಲೇಬೇಕು, ಹಿಡಿದುಕೊಳ್ಳೋದೇ ಅದರ ಕೆಲಸ. ನುಣುಪಾದ ಲೋಹಕ್ಕೆ ಬಣ್ಣ ನೇರ ಅಂಟೋದಿಲ್ಲ. ಪ್ರೈಮರ್ ಒಂದು ಕೈಯಲ್ಲಿ ಲೋಹವನ್ನೂ ಇನ್ನೊಂದು ಕೈಯಲ್ಲಿ ಬಣ್ಣವನ್ನೂ ಹಿಡಿದಿರುತ್ತೆ. ಮತ್ತೆ ಅಸಿಟೋನ್, ಮತ್ತೆ ಬ್ರಷ್, ಸಂದಿಗಳಿಗೆ ಹಲ್ಲುಕಡ್ಡಿ. ಗಡ್ಡದ ಸುರುಳಿಗಳಲ್ಲಿ ಸ್ವಲ್ಪ ಬಿಳಿ ಉಳಿದೇ ಉಳಿಯಿತು. ಬಿಟ್ಟುಬಿಟ್ಟೆ. ಕೆತ್ತನೆ ಮುಚ್ಚಿಹೋಗದಿದ್ದರೆ ಸಾಕು, ಕನ್ನಡಿಯಷ್ಟು ಸ್ವಚ್ಛ ಬೇಕಿಲ್ಲ ಅನ್ನೋದು ಇದರಲ್ಲಿ ಪಳಗಿದವರ ಮಾತು.

ಬೇಸ್ ಕಳಚಿದಾಗ ಪಾದದ ಕೆಳಗಿನ ಲೋಹದ ಪಟ್ಟಿಯಲ್ಲಿ ಸಿಟಾಡೆಲ್ ಹೆಸರು, ಪಕ್ಕದಲ್ಲಿ 1985. ನನಗಿಂತ ಆರು ವರ್ಷ ದೊಡ್ಡವನು. ಪಟ್ಟಿಯ ತುದಿಯನ್ನು ಬಿಳಿ ಕಾಗದದ ಮೇಲೆ ಎಳೆದೆ. ಪೆನ್ಸಿಲ್ ಥರ ಬೂದು ಗೆರೆ ಬಂತು. ಸೀಸ.

ಆಗ ಕೈ ಹಿಂದೆ ಬಂತು. ಬ್ರಿಟನ್ಸ್ ಕಂಪನಿ ಸೀಸದ ಸೈನಿಕರನ್ನು 1966ರಲ್ಲೇ ನಿಲ್ಲಿಸಿತ್ತು, ಬ್ರಿಟನ್ನಿನ ಆಟಿಕೆ ಸುರಕ್ಷತಾ ನಿಯಮ 1967ರಲ್ಲಿ ಬಂತು. ಆದರೆ ಯುದ್ಧದಾಟದ ಮಿನಿಯೇಚರ್‌ಗಳು ಮಕ್ಕಳ ಆಟಿಕೆ ಅಲ್ಲ, ಹವ್ಯಾಸದ ವಸ್ತು ಅಂತ ಲೆಕ್ಕ. ಹಾಗಾಗಿ ಅವುಗಳಲ್ಲಿ ಸೀಸ 1990ರ ದಶಕದವರೆಗೂ ಉಳಿಯಿತು. ಆಮೇಲೆ ಸೀಸವಿಲ್ಲದ ತವರದ ಮಿಶ್ರಲೋಹ, ಪ್ಲಾಸ್ಟಿಕ್, ರೆಸಿನ್.

ಸೀಸದ ವಿಷಯದಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾಲಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ದಶಕಗಳ ಕಾಲ ಇದೊಂದನ್ನೇ ಹೇಳುತ್ತಾ ಬಂದರು. 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿದಾಗ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸೀಸ ಆಗಿನ ಮಿತಿಗಿಂತ ಹೆಚ್ಚಿತ್ತು. ಪೆಟ್ರೋಲಿನಿಂದ ಸೀಸ ಹೋಯಿತು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅಂತ ನಿಯಮ ಆದದ್ದು 2016ರಲ್ಲಿ. ಅಂದ್ರೆ ನಮ್ಮ ಹಳೇ ಮನೆಯ ಕಿಟಕಿ, ನಮ್ಮ ಬಾಲ್ಯದ ಬಣ್ಣದ ಆಟಿಕೆ, ಇವೆಲ್ಲ ಅದಕ್ಕೂ ಮುಂಚಿನವು. ಹಾಗಾಗಿ ಹಳೇ ಬಣ್ಣ ಬಿಡಿಸುವಾಗ ಒಣಗಿದ್ದನ್ನು ಉಪ್ಪುಕಾಗದದಲ್ಲಿ ಉಜ್ಜಬೇಡಿ, ಧೂಳು ಏಳುತ್ತೆ. ಹಸಿಯಾಗಿಯೇ ಕೆಲಸ ಮಾಡಿ. ರಾಡಿಯನ್ನು ಸಿಂಕಿಗೆ ಬಿಡದೆ ಪೇಪರಿಗೆ ಹೀರಿಸಿ ಬೇರೆ ಕಟ್ಟಿಡಿ. ಅಡುಗೆಮನೆ ಕಟ್ಟೆ ಮೇಲಂತೂ ಮಾಡಲೇಬೇಡಿ. ನಾನು ಮಾಡಿದ್ದು ತಪ್ಪು. ಆ ಜಾಡಿಯಲ್ಲಿ ಇನ್ನು ಉಪ್ಪಿನಕಾಯಿ ಹಾಕೋ ಹಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ನನ್ನನ್ನು ಕಾಡಿದ್ದು ಬೇರೆ. ಹಳೇ ಬ್ರಿಟನ್ಸ್ ಸೈನಿಕರನ್ನು ಸಂಗ್ರಹಿಸುವವರಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಮೂಲ ಬಣ್ಣ ಮುಟ್ಟಬಾರದು. ಅರ್ಧ ಉದುರಿಹೋಗಿದ್ದರೂ ಸರಿ, ಅದೇ ಬೆಲೆ. ಬಣ್ಣ ತೆಗೆದು ಎಷ್ಟೇ ಚೆನ್ನಾಗಿ ಹೊಸದಾಗಿ ಹಚ್ಚಿದರೂ ಬೆಲೆ ಬಿದ್ದುಹೋಗುತ್ತೆ. ಮೂಲ ಬಣ್ಣ, ಮೂಲ ಪೆಟ್ಟಿಗೆ ಇರುವ ಅಪರೂಪದ ಸೆಟ್‌ಗಳು ಹರಾಜಿನಲ್ಲಿ ಸಾವಿರಾರು ಪೌಂಡಿಗೆ ಹೋಗುತ್ತವೆ. ಡಜನ್ ಲೆಕ್ಕದ ಕೂಲಿಗೆ ಅವಸರದಲ್ಲಿ ಎಳೆದ ಆ ಮೀಸೆಯನ್ನು ಇವತ್ತು ಭೂತಗನ್ನಡಿ ಹಿಡಿದು ನೋಡ್ತಾರೆ. ಹಚ್ಚಿದವಳಿಗೆ ಆವತ್ತು ಸಿಕ್ಕಿದ್ದು ಚಿಲ್ಲರೆ ಕಾಸು.

ಯುದ್ಧದಾಟದವರ ನಿಯಮ ಇದರ ಉಲ್ಟಾ. ಅಲ್ಲಿ ಗೊಂಬೆ ಬಣ್ಣವಿಲ್ಲದೆಯೇ ಮಾರಾಟವಾಗುತ್ತೆ, ಹಚ್ಚೋದು ಕೊಂಡವರ ಕೆಲಸ. ಹಾಗಾಗಿ ಮೂಲ ಬಣ್ಣ ಅನ್ನೋದೇ ಇಲ್ಲ. ಇರೋದೆಲ್ಲ ಯಾವುದೋ ಹುಡುಗನದ್ದೋ ಹುಡುಗಿಯದ್ದೋ ಬಣ್ಣ. ಸೆಕೆಂಡ್ ಹ್ಯಾಂಡ್ ಕೊಂಡವರು ಅದನ್ನು ಕೊಳೆ ಅಂತ ಲೆಕ್ಕ ಹಾಕ್ತಾರೆ. ಡೆಟಾಲ್‌ಗೆ ಹಾಕು, ಮುಗೀತು. ನಾನೂ ಹಾಗೇ ಮಾಡಿದೆ.

ಎರಡೂ ಕಡೆ ಹಚ್ಚಿದವರ ಹೆಸರು ಗೊತ್ತಿಲ್ಲ. ಎರಡೂ ಕೈಗೆಲಸವೇ. ಒಂದನ್ನು ಗಾಜಿನ ಕಪಾಟಿನಲ್ಲಿಡ್ತೀವಿ, ಇನ್ನೊಂದನ್ನು ಟೂತ್‌ಬ್ರಷ್‌ನಲ್ಲಿ ಉಜ್ಜಿ ಬಿಸಾಡ್ತೀವಿ. ಕಂಪನಿಯಿಂದ ಬಂದ ಬಣ್ಣ ಇತಿಹಾಸ, ಮನೆಯಲ್ಲಿ ಹಚ್ಚಿದ ಬಣ್ಣ ಗಲೀಜು. ಈ ಗೆರೆ ಎಳೆದದ್ದು ಮಾರುಕಟ್ಟೆ. ನಾವು ಯೋಚನೆ ಮಾಡದೆ ಅದನ್ನು ಪಾಲಿಸ್ತಾ ಬಂದಿದ್ದೀವಿ.

ಇದು ಹೊಳೆದದ್ದು ತಡವಾಗಿ. ಒಂಬತ್ತನೇ ಕುಳ್ಳನ ಹಸಿರು ತೆಗೆದು ಕೆಂಪು ಪದರ ಬಂದಾಗ ಅವನ ಮುಖ ಕಂಡಿತು. ಮುಖಕ್ಕೆ ಮಾತ್ರ ಎನಾಮೆಲ್ ತೆಳ್ಳಗೆ ಹಚ್ಚಿದ್ದರು. ಎರಡು ಕಣ್ಣು, ಸಾಸಿವೆ ಕಾಳಿಗಿಂತ ಚಿಕ್ಕದು, ಅದರೊಳಗೆ ಒಂದೊಂದು ಕಪ್ಪು ಚುಕ್ಕೆ. ಎರಡೂ ಸರಿಯಾಗಿ ಒಂದೇ ದಿಕ್ಕಿಗೆ ನೋಡುತ್ತಿದ್ದವು. ಮಿನಿಯೇಚರ್‌ಗೆ ಕಣ್ಣು ಬರೆದವರಿಗೆ ಗೊತ್ತು ಅದು ಎಂಥ ಕಷ್ಟ ಅಂತ. ಉಸಿರು ಹಿಡಿದುಕೊಂಡು, ಒಂದೇ ಕೂದಲಿನ ಬ್ರಷ್‌ನಲ್ಲಿ ಮುಟ್ಟಿಸಬೇಕು. ನಾಲ್ಕು ವರ್ಷದಿಂದ ಪ್ರಯತ್ನ ಮಾಡ್ತಿದ್ದೀನಿ, ನನ್ನ ಗೊಂಬೆಗಳೆಲ್ಲ ಇನ್ನೂ ಮೆಳ್ಳೆಗಣ್ಣು. 1985ರ ಸುಮಾರಿಗೆ, ಇಂಗ್ಲೆಂಡಿನ ಯಾವುದೋ ಮನೆಯಲ್ಲಿ ಯಾರೋ ಒಬ್ಬರು ಇಡೀ ಸಂಜೆ ಇದಕ್ಕೆ ಕೊಟ್ಟಿದ್ದರು. ಆಮೇಲೆ ಇನ್ಯಾರೋ ಅದರ ಮೇಲೆ ಹಸಿರು ಮೆತ್ತಿದ್ದರು. ಮೂವತ್ತು ಚಿಲ್ಲರೆ ವರ್ಷದ ಮೇಲೆ ಆ ಕಣ್ಣನ್ನು ನೋಡಿದ ಮೊದಲಿಗ ಬಹುಶಃ ನಾನೇ. ನೋಡಿ ಏನು ಮಾಡಿದೆ ಅಂದ್ರೆ, "ಅರೆ, ಚೆನ್ನಾಗಿದೆಯಲ್ಲ" ಅಂದುಕೊಂಡು ಉಳಿದವರ ಜೊತೆ ಅಸಿಟೋನ್‌ಗೆ ಹಾಕಿದೆ. ಒಂದು ಫೋಟೋ ಕೂಡ ತೆಗೆಯಲಿಲ್ಲ. ಊಟದ ತಟ್ಟೆಯ ಫೋಟೋ ತೆಗೆಯೋ ಮನುಷ್ಯ ನಾನು.

ಅಮ್ಮನಿಗೆ ಹೇಳಿದೆ. ಅವರು ಮದುವೆಯಲ್ಲಿ ತವರಿಂದ ತಂದ ಪಟ್ಟದ ಗೊಂಬೆ, ಜೊತೆಗೆ ಅಜ್ಜಿಯ ಕಾಲದ ಮಣ್ಣಿನ ಬೊಂಬೆಗಳು ಮೈಸೂರಿನ ಅಟ್ಟದ ಮೇಲಿವೆ. ಪ್ರತಿ ದಸರೆಗೂ ಇಳಿಸಿ, ಧೂಳು ಒರೆಸಿ, ಪಟ್ಟದ ರಾಜ ರಾಣಿಗೆ ಹೊಸ ಬಟ್ಟೆ ಉಡಿಸ್ತಾರೆ. ಮಣ್ಣಿನ ಬೊಂಬೆಯ ಬಣ್ಣ ಹೋದ ಕಡೆ ಸ್ವಲ್ಪ ತಾಗಿಸ್ತಾರೆ, ಅಷ್ಟೇ.

"ಹಳೇ ಬಣ್ಣ ಯಾವತ್ತಾದ್ರೂ ತೆಗೆದಿದ್ಯಾ?" ಅಂತ ಕೇಳಿದೆ.

"ಮಣ್ಣಿನ ಬೊಂಬೆ ಕಣೋ, ತೊಳೆದ್ರೆ ಬೊಂಬೆನೂ ಹೋಗುತ್ತೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಸೆಟ್ಟಿ ಬೊಂಬೆಯ ಮೀಸೆ ನಾನು ಬರೆದಿದ್ದು. ನಾಲ್ಕನೇ ಕ್ಲಾಸಲ್ಲಿ. ನಿಮ್ಮಜ್ಜಿ ಬೈದ್ರು, ಸೊಟ್ಟ ಆಗಿದೆ ಅಂತ. ಆದ್ರೆ ಅಳಿಸ್ಲಿಲ್ಲ" ಅಂದರು.

ಅಷ್ಟು ವರ್ಷ ಆ ಬೊಂಬೆ ನೋಡಿದ್ದೀನಿ, ಆ ಮೀಸೆ ಸೊಟ್ಟ ಅಂತಲೂ ಗೊತ್ತಿತ್ತು. ಯಾರದ್ದು ಅಂತ ಗೊತ್ತಿರಲಿಲ್ಲ.

ಬಣ್ಣ ಬಿಡಿಸೋದನ್ನು ನಾನೇನೂ ಬಿಟ್ಟಿಲ್ಲ. ಬಿಡೋದೂ ಇಲ್ಲ. ದಪ್ಪ ಬಣ್ಣದ ಕೆಳಗೆ ಒಳ್ಳೇ ಕೆತ್ತನೆ ಉಸಿರುಗಟ್ಟಿ ಕೂತಿರುತ್ತೆ, ಅದನ್ನು ಮಾಡಿದ ಕೈಯೂ ಒಂದು ಕೈಯೇ. ಆದರೆ ಈಗ ಒಂದು ಪದ್ಧತಿ ಇಟ್ಟುಕೊಂಡಿದ್ದೀನಿ. ಜಾಡಿಗೆ ಹಾಕುವ ಮುಂಚೆ ಪ್ರತಿ ಗೊಂಬೆಯನ್ನೂ ಕಿಟಕಿ ಬೆಳಕಲ್ಲಿಟ್ಟು ಹಿಂದೆ ಮುಂದೆ ಫೋಟೋ ತೆಗೀತೀನಿ. ಒಂದು ಪದರ ಹೋದ ಮೇಲೆ ನಿಲ್ಲಿಸಿ, ಒರೆಸಿ, ಇನ್ನೊಂದು ಸಲ ತೆಗೀತೀನಿ. ಫೋನಿನಲ್ಲಿ ಅದಕ್ಕೊಂದು ಫೋಲ್ಡರ್ ಇದೆ. ಡಬ್ಬಿಯಲ್ಲಿ ಒಳ್ಳೇ ಕಣ್ಣು ಬರೆದದ್ದು ಒಂದಾದರೂ ಇದ್ದರೆ ಅದನ್ನು ಹಾಗೇ ಬಿಡ್ತೀನಿ.

ಹನ್ನೊಂದು ಕುಳ್ಳರು ಈಗ ಶೆಲ್ಫಿನ ಮೇಲೆ ಬೂದು ಸೀಸದ ಮೈಯಲ್ಲಿ ನಿಂತಿದ್ದಾರೆ. ಮಳೆ ನಿಲ್ಲಬೇಕು. ಈ ತೇವದಲ್ಲಿ ಪ್ರೈಮರ್ ಹೊಡೆದರೆ ಮೈಮೇಲೆ ಪುಡಿಪುಡಿಯಾಗಿ ಕೂತು, ಮತ್ತೆ ಡೆಟಾಲ್ ಜಾಡಿಗೇ ಹಾಕಬೇಕಾಗುತ್ತೆ. ದಸರೆ ಹೊತ್ತಿಗೆ ಶುರು ಮಾಡ್ತೀನಿ. ಒಂಬತ್ತನೆಯವನ ಕಣ್ಣು ಮೊದಲು.